ಹಲಗಲಿಯ ಹತಾರ, ಕೊಡಗಿನ ಕೋವಿ

(ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಂದೂಕು ಕಾನೂನಿನ ಬಗ್ಗೆ ಮಾತಾಡಿ, ಅಮೆರಿಕದ ವಿಷಯ ಜಾಸ್ತಿ ಇರಲಿ ಅಂತ ಹೇಳಿ ನನ್ನನ್ನು ಕರೆದಿದ್ದಾರೆ. ಅಮೆರಿಕಕ್ಕೆ ಆಮೇಲೆ ಹೋಗೋಣ. ನಾನು ನಮ್ಮ ಮನೆಯ ಜಗಲಿಯಿಂದ ಶುರು ಮಾಡುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಜಗಲಿಯ ಗೋಡೆಗೆ ಎರಡು ಮರದ ಗೂಟ ಹೊಡೆದಿದ್ದರು. ಅದರ ಮೇಲೆ ದೊಡ್ಡಪ್ಪನ ಒಂಟಿ ನಳಿಗೆಯ ಕೋವಿ ಮಲಗಿರುತ್ತಿತ್ತು. ಕೆಳಗೆ ಅಡಿಕೆ ಸುಲಿಯುವವರು ಕೂರುತ್ತಿದ್ದರು. ಬಂದವರೆಲ್ಲ ಒಂದು ಸಲ ತಲೆ ಎತ್ತಿ ನೋಡುತ್ತಿದ್ದರು. ಆದರೆ ತೋಟಾಗಳು ಮಾತ್ರ ಒಳಕೋಣೆಯ ಬೀರುವಿನಲ್ಲಿ. ಬೀರುವಿನ ಬೀಗದಕೈ ದೊಡ್ಡಮ್ಮನ ಸೆರಗಿನ ಗಂಟಿನಲ್ಲಿ. ರಾತ್ರಿ ಹಂದಿ ಬಂತು ಅಂದರೆ ದೊಡ್ಡಪ್ಪ ಮೊದಲು ದೊಡ್ಡಮ್ಮನನ್ನು ಎಬ್ಬಿಸಬೇಕು. ಅವರು ಗೊಣಗುತ್ತಾ ಎದ್ದು, ಎರಡೇ ಎರಡು ತೋಟಾ ಎಣಿಸಿ ಕೊಡುತ್ತಿದ್ದರು. ಬೆಳಿಗ್ಗೆ ಖಾಲಿ ತೋಟಾ ವಾಪಸ್ ಕೊಟ್ಟು ಲೆಕ್ಕ ಒಪ್ಪಿಸಬೇಕು. ಗನ್ ಕಂಟ್ರೋಲ್ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಆ ಸೆರಗಿನ ಗಂಟು.

ದೊಡ್ಡಪ್ಪ ಹೊಡೆದದ್ದೆಲ್ಲ ಬಹುಪಾಲು ಆಕಾಶಕ್ಕೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಹಾಗೆಲ್ಲ ಹಂದಿ ಹೊಡೆಯುವಂತಿಲ್ಲ. ಸದ್ದು ಮಾಡಿ ಓಡಿಸಬಹುದು, ಅಷ್ಟೇ. ಮಂಗಗಳಿಗಂತೂ ಕೋವಿಯ ಸದ್ದು ಎಷ್ಟು ಅಭ್ಯಾಸವಾಗಿತ್ತು ಅಂದರೆ, ಒಂದು ಮರದಿಂದ ಇನ್ನೊಂದಕ್ಕೆ ಹಾರಿ ಕೂತು ನಮ್ಮನ್ನೇ ನೋಡುತ್ತಿದ್ದವು.

ಈ ಕೋವಿ ಊರು ಬಿಟ್ಟು ಹೊರಗೆ ಹೋಗುತ್ತಿದ್ದದ್ದು ಚುನಾವಣೆ ಬಂದಾಗ ಮಾತ್ರ. ನೀತಿ ಸಂಹಿತೆ ಜಾರಿಯಾಯಿತು ಅಂದರೆ ಕೋವಿ ಠೇವಣಿ ಇಡಿ ಅಂತ ಹೇಳಿಕಳಿಸುತ್ತಾರೆ. ಗೋಣಿಚೀಲದಲ್ಲಿ ಸುತ್ತಿ, ಸ್ಕೂಟರಿಗೆ ಕಟ್ಟಿಕೊಂಡು ಠಾಣೆಗೆ ಒಯ್ಯಬೇಕು. ಅಲ್ಲಿ ಸಾಲು. ಮುಂದೆ ನಿಂತವರೂ ಹಿಂದೆ ನಿಂತವರೂ ತೋಟದವರೇ. ಟ್ರಿಗರಿಗೆ ಒಂದು ಚೀಟಿ ಕಟ್ಟಿ, ರಸೀದಿ ಬರೆದು ಕೊಡುತ್ತಾರೆ. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಅಂತ ಐದು ವರ್ಷದಲ್ಲಿ ಎಷ್ಟು ಸಲ ಆಗುತ್ತದೆ ನೀವೇ ಲೆಕ್ಕ ಹಾಕಿ. ಒಂದು ಸಲ ವಾಪಸ್ ಬಂದ ಕೋವಿಯ ನಳಿಗೆಯ ಒಳಗೆ ತುಕ್ಕು, ಹಿಡಿಯಲ್ಲಿ ಒಂದು ಬಿರುಕು. ಯಾವ ಠಾಣೆ ಅಂತ ಹೇಳುವುದಿಲ್ಲ, ಬಿಡಿ. ದೊಡ್ಡಪ್ಪ ಅವತ್ತು ಜಗಲಿಯಲ್ಲಿ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಾ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಓಟು ಹಾಕೋಕೆ ನನ್ನ ನಂಬ್ತಾರೆ. ಕೋವಿ ಇಟ್ಕೊಳ್ಳೋಕೆ ನಂಬಲ್ಲ."

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಈ ನಂಬಿಕೆಯ ಮಾತನ್ನೇ. ಬಂದೂಕಿನ ಕಾನೂನು ಬಂದೂಕಿನ ಬಗ್ಗೆ ಅಂತ ನಾವು ತಿಳಿದಿದ್ದೇವೆ. ಅದು ಹುಟ್ಟಿದ್ದೇ ಬೇರೆ ಪ್ರಶ್ನೆಯಿಂದ. ಸರ್ಕಾರ ಯಾರನ್ನು ನಂಬುತ್ತದೆ, ಯಾರನ್ನು ನಂಬುವುದಿಲ್ಲ?

ಇದಕ್ಕೆ ದೂರ ಹೋಗಬೇಕಾಗಿಲ್ಲ. ಮುಧೋಳದ ಹತ್ತಿರ ಹಲಗಲಿ ಇದೆ. ಶಾಲೆಯಲ್ಲಿ ಹಲಗಲಿ ಬೇಡರ ಲಾವಣಿ ಓದಿದವರು ಇಲ್ಲಿ ಬಹಳ ಜನ ಇದ್ದೀರಿ. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಿತು. ಬೆದರಿದ ಬ್ರಿಟಿಷರು ಜನರ ಆಯುಧಗಳನ್ನು ನೋಂದಾಯಿಸಬೇಕು, ಒಪ್ಪಿಸಬೇಕು ಅಂತ ಕಾನೂನು ತಂದರು. ಹಲಗಲಿಯ ಬೇಡರು ಹತಾರ ಕೊಡುವುದಿಲ್ಲ ಅಂದರು. ಬೇಟೆ, ಕಾವಲು, ಸಿಪಾಯಿಗಿರಿ ಇವೇ ಅವರ ಬದುಕು. ಹತಾರ ಹೋದರೆ ಹೊಟ್ಟೆಗೂ ಇಲ್ಲ, ಮಾನಕ್ಕೂ ಇಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂತು. ಊರಿಗೆ ಬೆಂಕಿ ಬಿತ್ತು. ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು.

ಆ ಲಾವಣಿಯಲ್ಲಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುವುದು ಕಾಳಗದ ಭಾಗ ಅಲ್ಲ, ಲೂಟಿಯ ಪಟ್ಟಿ. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಕೊನೆಗೆ ಬೀಸುವ ಕಲ್ಲನ್ನೂ ಬಿಡಲಿಲ್ಲ ಅಂತ ಹಾಡಿದವನು ಎಣಿಸುತ್ತಾ ಹೋಗುತ್ತಾನೆ. ಹತಾರ ತೆಗೆದುಕೊಂಡು ಹೋಗಲು ಬಂದವರು ಬೀಸುವ ಕಲ್ಲನ್ನು ಯಾಕೆ ಒಯ್ದರು? ಕೈಯಲ್ಲಿ ಹತಾರ ಇಲ್ಲದ ಮನೆಯಿಂದ ಏನನ್ನು ಬೇಕಾದರೂ ಒಯ್ಯಬಹುದು ಅಂತ ಆ ಹಾಡುಗಾರನಿಗೆ ಗೊತ್ತಿತ್ತು ಅನ್ನಿಸುತ್ತದೆ.

ಈಗ ಕೊಡಗಿಗೆ ಬನ್ನಿ. ಹಲಗಲಿ ಉರಿದು ನಾಲ್ಕು ವರ್ಷ ತುಂಬಿರಲಿಲ್ಲ. 1861ರ ಆರಂಭದಲ್ಲಿ ಮಾರ್ಕ್ ಕಬ್ಬನ್ ಒಂದು ಪ್ರಕಟಣೆ ಹೊರಡಿಸಿದ. ಹೌದು, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ನೇ. ಮೈಸೂರು, ಕೊಡಗು ಎರಡಕ್ಕೂ ಅವನೇ ಕಮಿಷನರ್ ಆಗಿದ್ದ. ಕೊಡಗಿನವರ ನಿಷ್ಠೆ, ಧೈರ್ಯ, ಬ್ರಿಟಿಷರಿಗೆ ಅವರು ಮಾಡಿದ ಸಹಾಯ ಇವನ್ನು ನೆನೆದು, ಆಯುಧ ಕಿತ್ತುಕೊಳ್ಳುವ ಕಾಯಿದೆ ಕೊಡಗಿಗೆ ಅನ್ವಯಿಸುವುದಿಲ್ಲ ಅಂತ ಸಾರಿದ. ಅದೇ ವರ್ಷ ಇಂಗ್ಲೆಂಡಿಗೆ ಹೊರಟವನು ದಾರಿಯಲ್ಲೇ, ಸೂಯೆಜ್‌ನಲ್ಲಿ ತೀರಿಕೊಂಡ. ಅವನ ಪ್ರಕಟಣೆ ಮಾತ್ರ ಬೇರೆ ಬೇರೆ ರೂಪದಲ್ಲಿ ಇವತ್ತಿಗೂ ಬದುಕಿದೆ.

ಕೊಡಗಿನಲ್ಲಿ ಬಂಡಾಯವೇ ಆಗಿರಲಿಲ್ಲ ಅಂತ ಯಾರೂ ತಿಳಿಯಬೇಡಿ. 1837ರಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲೇ ಗಲ್ಲಿಗೇರಿಸಿದ್ದರು. ಆದರೆ ಸರ್ಕಾರದ ಲೆಕ್ಕದಲ್ಲಿ ಕೊಡಗು ನಂಬಿಕಸ್ಥರ ನಾಡು, ಹಲಗಲಿ ಪುಂಡರ ಊರು. ಕನ್ನಡ ನಾಡಿನ ಎರಡು ತುದಿ, ಒಂದೇ ಬಗೆಯ ಕಾನೂನು. ಒಂದು ಕಡೆ ನೇಣು, ಇನ್ನೊಂದು ಕಡೆ ಬಹುಮಾನ.

1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದ ಆಯುಧ ಕಾಯಿದೆ ಬಂದಾಗ ಇದು ಇನ್ನೂ ಬಟಾಬಯಲಾಯಿತು. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಗಾಂಧೀಜಿಯಂಥ ಗಾಂಧೀಜಿಯೇ, ಒಂದು ಇಡೀ ದೇಶದ ಕೈಯಿಂದ ಆಯುಧ ಕಿತ್ತುಕೊಂಡದ್ದು ಬ್ರಿಟಿಷ್ ಆಡಳಿತದ ಅತ್ಯಂತ ಕರಾಳ ಕೆಲಸ ಅಂತ ಬರೆದರು. 1918ರಲ್ಲಿ, ಸೈನ್ಯಕ್ಕೆ ಜನ ಸೇರಿಸುತ್ತಿದ್ದಾಗ ಬರೆದ ಕರಪತ್ರ ಅದು. ಈ ಮಾತನ್ನು ಬಂದೂಕು ಪ್ರಿಯರು ಸಂದರ್ಭ ಬಿಟ್ಟು ಹೇಳುತ್ತಾರೆ, ಇರಲಿ. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲೂ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕು ಸೇರಿತ್ತು.

ಹಾಗಾದರೆ ಸಂವಿಧಾನದಲ್ಲಿ ಅದು ಯಾಕೆ ಇಲ್ಲ? ಇಲ್ಲಿ ಒಬ್ಬ ಮಂಗಳೂರಿನವರು ಬರುತ್ತಾರೆ. ಎಚ್. ವಿ. ಕಾಮತ್. ಐಸಿಎಸ್ ನೌಕರಿ ಬಿಟ್ಟು ಸುಭಾಷರ ಜೊತೆ ಹೋದವರು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎದ್ದು, ಆಯುಧ ಹೊಂದುವ ಹಕ್ಕನ್ನೂ ಪೌರರ ಸ್ವಾತಂತ್ರ್ಯಗಳ ಜೊತೆ ಸೇರಿಸಿ ಅಂದರು. ಅವರ ಕೈಯಲ್ಲಿ ಕರಾಚಿಯ ನಿರ್ಣಯ ಇತ್ತು. ಅಂಬೇಡ್ಕರ್ ಒಪ್ಪಲಿಲ್ಲ. ಬ್ರಿಟಿಷರು ಆಯುಧ ಕಿತ್ತುಕೊಂಡಿದ್ದ ಕಾಲದಲ್ಲಿ ಕೇಳಿದ್ದು ಬೇರೆ, ಈಗಿನ ಸ್ಥಿತಿ ಬೇರೆ ಅಂದರು. ಯಾರು ಬೇಕಾದರೂ ಪೇಟೆಗೆ ಹೋಗಿ ಯಾವ ಆಯುಧ ಬೇಕಾದರೂ ಕೊಳ್ಳಬಹುದು ಅಂತಾದರೆ ಸರ್ಕಾರ ಆಡಳಿತ ನಡೆಸುವುದಾದರೂ ಹೇಗೆ ಅಂತ ಕೇಳಿದರು. ಸಭೆ ಕಾಮತರ ತಿದ್ದುಪಡಿಯನ್ನು ಬಿಟ್ಟಿತು. ನಮ್ಮ ಸಂವಿಧಾನವು ಜನರಿಗೆ ಸಭೆ ಸೇರುವ ಹಕ್ಕು ಕೊಟ್ಟಿದೆ, ಆದರೆ ಶಾಂತಿಯಿಂದ, ಆಯುಧ ಇಲ್ಲದೆ.

ಕಾಮತರ ಸ್ವಾಭಿಮಾನ ನನಗೆ ಇಷ್ಟ. ಆದರೂ ಅಂಬೇಡ್ಕರ್ ಹೇಳಿದ್ದೇ ಸರಿ ಅನ್ನುವವನು ನಾನು. ಈ ದೇಶದಲ್ಲಿ ಆಯುಧ ಎಲ್ಲರ ಹಕ್ಕಾಗಿದ್ದರೆ ಅದು ಮೊದಲು ಯಾರ ಮನೆ ಸೇರುತ್ತಿತ್ತು? ಜಮೀನು, ಜಾತಿ, ದುಡ್ಡು ಮೂರೂ ಇದ್ದವರ ಮನೆ. ಯಾರ ಕಡೆ ತಿರುಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

1959ರಲ್ಲಿ ನಮ್ಮದೇ ಆಯುಧ ಕಾಯಿದೆ ಬಂತು. ಯುರೋಪಿಯನ್ನರ ಸವಲತ್ತು ಹೋಯಿತು. ಕೊಡಗಿನ ವಿನಾಯಿತಿ ಉಳಿಯಿತು. ಕಾಯಿದೆಯ 41ನೇ ಕಲಂ ಕೇಂದ್ರ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ಕೊಡುತ್ತದೆ. ಅದರ ಅಡಿಯಲ್ಲಿ ಕೊಡವರಿಗೂ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಬೇಕಿಲ್ಲ. ವಿನಾಯಿತಿ ಪತ್ರ ಸಾಕು. ಜಮ್ಮಾ ಅಂದರೆ ರಾಜರ ಕಾಲದಿಂದ ಸೇವೆಗೆ ಪ್ರತಿಯಾಗಿ ವಂಶಕ್ಕೆ ಬಂದ ಜಮೀನು. ಹಾಗಾಗಿ ಕೊಡವರಲ್ಲದ ಕುಟುಂಬಗಳಿಗೂ ಈ ಕೋವಿ ಹಕ್ಕು ಇದೆ. ಹೊರಗಿನವರು ಇದನ್ನು ಮರೆತೇ ಮಾತಾಡುತ್ತಾರೆ.

ಕಾನೂನಿನ ಭಾಷೆಯಲ್ಲಿ ಕೊಡವರನ್ನು ಗುರುತಿಸಿದ ರೀತಿ ನೋಡಿ: "ಕೂರ್ಗ್ ಬೈ ರೇಸ್". ಜನಾಂಗದಿಂದ ಕೊಡಗಿನವರು ಅಂತ. ಸ್ವತಂತ್ರ ಭಾರತದ ಕಾಗದದಲ್ಲಿ ಈ ಮಾತು ಓದಿದಾಗ ನನಗೆ ಕಸಿವಿಸಿಯಾಯಿತು. ನನಗಷ್ಟೇ ಅಲ್ಲ. ನಿವೃತ್ತ ಸೇನಾಧಿಕಾರಿಯೊಬ್ಬರು ಇದನ್ನೇ ಪ್ರಶ್ನಿಸಿ ಹೈಕೋರ್ಟಿಗೆ ಹೋದರು. ಹುಟ್ಟು ಮತ್ತು ವಂಶದ ಜಮೀನು ನೋಡಿ ಸವಲತ್ತು ಕೊಡುವುದು ಸಮಾನತೆಗೆ ವಿರುದ್ಧ ಅನ್ನುವುದು ಅವರ ವಾದ. ಈ ನಡುವೆ 2019ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿಯನ್ನು ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಕ್ಕೆ ಮುಂಚಿನಿಂದ ಬಂದದ್ದು, ಷರತ್ತುಗಳಿವೆ, ಅವಧಿಯೂ ಹತ್ತು ವರ್ಷಕ್ಕೆ ಸೀಮಿತ. ಹಾಗಾಗಿ ತಪ್ಪಿಲ್ಲ ಅಂತ.

ಇಷ್ಟು ಕೇಳಿದವರು ಕೊಡಗಿನಲ್ಲಿ ಕೋವಿ ಅಂದರೆ ಬರೀ ಜಂಬ ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಗೋಣಿಕೊಪ್ಪದ ಕಡೆ ಒಬ್ಬ ಗೆಳೆಯನ ಮನೆಗೆ ಕೈಲ್‌ಪೊಳ್ದ್ ಹಬ್ಬಕ್ಕೆ ಹೋದ ಮೇಲೆ ಸ್ವಲ್ಪ ಬದಲಾದೆ. ಸೆಪ್ಟೆಂಬರ್ ಮೊದಲ ವಾರ. ಹೊರಗೆ ಜಿಟಿಜಿಟಿ ಮಳೆ. ಕೋವಿಗಳನ್ನು ಒರೆಸಿ, ಸಾಲಾಗಿ ಇಟ್ಟು, ಪ್ರತಿ ನಳಿಗೆಗೂ ಒಂದು ಕೆಂಪು ಹಳದಿ ಹೂ ಸಿಕ್ಕಿಸಿದ್ದರು. ನಾವು ಅಗ್ನಿಶಿಖೆ ಅನ್ನುವ ಹೂ. ಅವರು ಅದಕ್ಕೆ ಕರೆಯುವುದೇ ತೋಕ್ ಪೂ ಅಂತ. ತೋಕ್ ಅಂದರೆ ಕೋವಿ. ಆಮೇಲೆ ಅಕ್ಕಿಯ ಕಡಂಬುಟ್ಟು, ಹಂದಿ ಸಾರು. ಮಧ್ಯಾಹ್ನ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಸ್ಪರ್ಧೆ. ಹೆಂಗಸರೂ ಹೊಡೆದರು. ನಾನೂ ಒಂದು ಗುಂಡು ಹಾರಿಸಿದೆ. ತೆಂಗಿನಕಾಯಿ ನಕ್ಕಿರಬೇಕು. ಭುಜ ಮಾತ್ರ ಮೂರು ದಿನ ನೋಯುತ್ತಿತ್ತು.

ಅವತ್ತು ಆ ಮನೆಯ ಅಜ್ಜ ಹೇಳಿದ ಒಂದು ವಿಷಯ ನನಗೆ ಹೊಸದು. ಹಿಂದಿನ ಕಾಲದಲ್ಲಿ ಉಳುಮೆ, ನಾಟಿಯ ತಿಂಗಳುಗಳಲ್ಲಿ ಮನೆಯ ಆಯುಧಗಳನ್ನೆಲ್ಲ ದೇವರ ಕೋಣೆಯಲ್ಲಿ, ಅವರು ಕನ್ನಿ ಕೋಂಬರೆ ಅನ್ನುತ್ತಾರೆ, ಅಲ್ಲಿ ಇಟ್ಟುಬಿಡುತ್ತಿದ್ದರಂತೆ. ಗದ್ದೆ ಕೆಲಸ ಮುಗಿದು ಬೆಳೆ ಕಾಯುವ ಕಾಲ ಬಂದಾಗ ಹೊರಗೆ ತೆಗೆಯುವುದು. ಆ ತೆಗೆಯುವ ದಿನವೇ ಕೈಲ್‌ಪೊಳ್ದ್. ಅಂದರೆ ಠೇವಣಿ ಅನ್ನುವುದನ್ನು ಸರ್ಕಾರ ಕಲಿಸಿದ್ದಲ್ಲ. ಅವರೇ ಮಾಡಿಕೊಂಡಿದ್ದರು. ವ್ಯತ್ಯಾಸ ಇಷ್ಟೇ, ಅಲ್ಲಿ ಕೋವಿ ದೇವರ ಮುಂದೆ ಇರುತ್ತಿತ್ತು, ಇಲ್ಲಿ ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ.

ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸುಗ್ಗಿಯ ಹಬ್ಬ ಪುತ್ತರಿಯ ದಿನ ಕದಿರು ಕೊಯ್ಯುವಾಗಲೂ ಗುಂಡು. ಗುಡ್ಡದ ಆಚೆ ಈಚೆ ಒಂಟಿ ಮನೆಗಳಿದ್ದ ನಾಡಿನಲ್ಲಿ ಅದು ಸುದ್ದಿ ಮುಟ್ಟಿಸುವ ದಾರಿಯೂ ಆಗಿತ್ತು. ಹೆಣ್ಣು ಮಗುವಿಗೆ ಯಾಕೆ ಗುಂಡಿಲ್ಲ ಅಂತ ನಾನು ಕೇಳಿದೆ. ಅಜ್ಜ ಉತ್ತರ ಕೊಡಲಿಲ್ಲ. ಅವರ ಮೊಮ್ಮಗಳು, ತೆಂಗಿನಕಾಯಿ ಒಡೆದವಳು, ಜೋರಾಗಿ ನಕ್ಕಳು.

ನನ್ನ ನಿಲುವು ಏನು ಅಂತ ಕೇಳಿದರೆ ಹೀಗೆ ಹೇಳುತ್ತೇನೆ. ಕೊಡಗಿನ ವಿನಾಯಿತಿ ಕಿತ್ತುಹಾಕಬೇಕು ಅಂತ ನಾನು ವಾದಿಸುವುದಿಲ್ಲ. ಆದರೆ ಅದಕ್ಕೆ ಕೊಡುವ ಕಾರಣ ಬದಲಾಗಬೇಕು. ರಕ್ತ ನೋಡಿ ನಂಬುವುದು ಕಬ್ಬನ್ನನ ಲೆಕ್ಕ. ಅದೇ ಲೆಕ್ಕ ಹಲಗಲಿಯನ್ನು ಸುಟ್ಟಿತು. ಕೋವಿಯನ್ನು ತಲೆಮಾರುಗಳಿಂದ ಹೇಗೆ ನಡೆಸಿಕೊಂಡು ಬಂದಿದ್ದಾರೆ ಅನ್ನುವುದನ್ನು ನೋಡಿ ನಂಬುವುದಾದರೆ ಒಪ್ಪಬಹುದು. ಹಾಗೆ ನೋಡಲು ಶುರು ಮಾಡಿದರೆ ಆ ಅಳತೆ ನಮ್ಮ ದೊಡ್ಡಪ್ಪನಂಥ ಲೈಸೆನ್ಸಿನವರಿಗೂ ಸಿಗಬೇಕಾಗುತ್ತದೆ. ಚುನಾವಣೆಯ ಹೊತ್ತಿಗೆ ಎಲ್ಲರ ಕೋವಿಯನ್ನೂ ಕಣ್ಣು ಮುಚ್ಚಿ ಕಟ್ಟಿಸಿಕೊಳ್ಳಿ ಅಂತ ಚುನಾವಣಾ ಆಯೋಗವೂ ಹೇಳಿಲ್ಲ. ಜಾಮೀನಿನ ಮೇಲೆ ಇರುವವರು, ಹಳೆಯ ಕೇಸು ಇರುವವರು, ಗಲಭೆಯಲ್ಲಿ ಸಿಕ್ಕವರು ಹೀಗೆ ಒಬ್ಬೊಬ್ಬರನ್ನೇ ನೋಡಿ ತೀರ್ಮಾನಿಸಲು ಸ್ಕ್ರೀನಿಂಗ್ ಕಮಿಟಿ ಇದೆ. ಒಬ್ಬೊಬ್ಬರನ್ನೇ ನೋಡುವುದು ಕಷ್ಟದ ಕೆಲಸ. ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವುದು ಸುಲಭ.

ಕಾನೂನು ಸಡಿಲ ಮಾಡಿ ಅಂತ ನಾನು ಹೇಳುತ್ತಿಲ್ಲ. 2019ರ ತಿದ್ದುಪಡಿ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದು ಅನ್ನುವುದನ್ನು ಎರಡಕ್ಕೆ ಇಳಿಸಿತು. ಮೊದಲು ಒಂದಕ್ಕೇ ಇಳಿಸಲು ಹೊರಟಿದ್ದರು, ವಿರೋಧ ಬಂದು ಎರಡಾಯಿತು. ಮದುವೆ ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯ ಆಗುವಂತೆ ಸಂಭ್ರಮದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಂತಲೂ ಸೇರಿಸಿದರು. ಎರಡೂ ಸರಿ. ತೋಟದ ಮನೆಗೆ ಒಂದು ಕೋವಿ ಸಾಕು. ಮೂರು ಬೇಕು ಅನ್ನುವವರಿಗೆ ಬೇಕಾಗಿರುವುದು ಕೋವಿ ಅಲ್ಲ.

ಇಲ್ಲಿ ಇನ್ನೊಂದು ಮಾತು. 2015ರ ಆಗಸ್ಟಿನಲ್ಲಿ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆ ಮುಂದೆಯೇ ಕೊಂದರು. ಎರಡಕ್ಕೂ ಬಳಸಿದ್ದು ನಾಡ ಪಿಸ್ತೂಲು. ವಿಧಿವಿಜ್ಞಾನ ಪರೀಕ್ಷೆ ಎರಡೂ ಕಡೆಯ ಗುಂಡು ಒಂದೇ ಪಿಸ್ತೂಲಿನದು ಅಂದಿತು. ಆ ಪಿಸ್ತೂಲಿಗೆ ಯಾವ ಲೈಸೆನ್ಸ್ ಪುಸ್ತಕವೂ ಇರಲಿಲ್ಲ, ಅದು ಯಾವ ಚುನಾವಣೆಯಲ್ಲೂ ಠಾಣೆಗೆ ಹೋಗಿ ಚೀಟಿ ಕಟ್ಟಿಸಿಕೊಳ್ಳಲಿಲ್ಲ. ನಮ್ಮ ದೇಶದಲ್ಲಿ ಬಂದೂಕಿನಿಂದ ಆಗುವ ಕೊಲೆಗಳಲ್ಲಿ ಬಹುಪಾಲು ಇಂಥ ಕಳ್ಳ ಆಯುಧಗಳವೇ. 2023ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡು, ಅಮೆರಿಕದ ಹಾಗೆ ಇಲ್ಲಿ ಬಂದೂಕು ಯಾರ ಮೂಲಭೂತ ಹಕ್ಕೂ ಅಲ್ಲ ಅಂತ ನೆನಪಿಸಿತು.

ಸರಿ, ಅಮೆರಿಕ. ಅಲ್ಲಿನ ಸಂವಿಧಾನದ 1791ರ ಎರಡನೇ ತಿದ್ದುಪಡಿ ಒಂದೇ ಒಂದು ವಾಕ್ಯ. ಅದರ ಮೊದಲ ಅರ್ಧ ನಾಡಪಡೆಯ ಮಾತು, ಎರಡನೇ ಅರ್ಧ ಆಯುಧ ಇಟ್ಟುಕೊಳ್ಳುವ ಜನರ ಹಕ್ಕಿನ ಮಾತು. ಯಾವ ಅರ್ಧ ದೊಡ್ಡದು ಅಂತ ಇನ್ನೂರು ವರ್ಷ ಜಗಳ. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದು-ನಾಲ್ಕರಲ್ಲಿ, ಇದು ಒಬ್ಬೊಬ್ಬ ವ್ಯಕ್ತಿಯ ಹಕ್ಕೇ ಅಂದಿತು. ಜನಸಂಖ್ಯೆಗಿಂತ ಬಂದೂಕುಗಳೇ ಜಾಸ್ತಿ ಇರುವ ದೇಶ ಅದು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 2022ರಲ್ಲಿ ಯುವಾಲ್ಡಿಯಲ್ಲಿ 19 ಮಕ್ಕಳು ಸತ್ತರು. ನನ್ನ ತಂಗಿಯ ಮೊಮ್ಮಗಳು ಟೆಕ್ಸಾಸಿನಲ್ಲಿ ಓದುತ್ತಾಳೆ. ಏಳು ವರ್ಷ. ಫೋನಿನಲ್ಲಿ ಒಂದು ದಿನ ಹೇಳಿದಳು: "ಅಜ್ಜ, ಇವತ್ತು ನಾವೆಲ್ಲ ಕತ್ತಲೆ ಮಾಡ್ಕೊಂಡು ಮೂಲೇಲಿ ಕೂತಿದ್ವಿ. ನಾನು ಕೆಮ್ಮಲೇ ಇಲ್ಲ." ಶಾಲೆಗೆ ಬಂದೂಕುಗಾರ ನುಗ್ಗಿದರೆ ಅಡಗಿ ಕೂರುವ ತಾಲೀಮು ಅದು. ಕೆಮ್ಮಲಿಲ್ಲ ಅನ್ನುವುದು ಅವಳ ಹೆಮ್ಮೆ. ನನಗೆ ಮಾತು ಹೊರಡಲಿಲ್ಲ.

ಆಸ್ಟ್ರೇಲಿಯದಲ್ಲಿ 1996ರ ಏಪ್ರಿಲಿನಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬ 35 ಜನರನ್ನು ಕೊಂದ. ಹನ್ನೆರಡು ದಿನದಲ್ಲಿ ದೇಶಕ್ಕೆಲ್ಲ ಒಂದು ಒಪ್ಪಂದ ಆಯಿತು. ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಸರ್ಕಾರ ದುಡ್ಡು ಕೊಟ್ಟು ಕೊಂಡು ನಾಶ ಮಾಡಿತು. ರೈತರ ಬಂದೂಕು ಉಳಿಯಿತು, ಆದರೆ ಯಾಕೆ ಬೇಕು ಅಂತ ಕಾರಣ ತೋರಿಸಬೇಕು. ಆತ್ಮರಕ್ಷಣೆಗೆ ಅಂದರೆ ಕೊಡುವುದಿಲ್ಲ. ನಮ್ಮ 1959ರ ಕಾಯಿದೆಯಲ್ಲೂ ಬೆಳೆ ಕಾಯಲು ಬೇಕು ಅಂದವರಿಗೆ ಮದ್ದು ತುಂಬುವ ಕೋವಿಯ ಲೈಸೆನ್ಸ್ ಕೊಡಬೇಕು ಅಂತಲೇ ಇದೆ. ನಾವು ಆತ್ಮರಕ್ಷಣೆಯ ಕಾರಣವನ್ನೂ ಒಪ್ಪುತ್ತೇವೆ. ನನಗೆ ಅದೇ ಅನುಮಾನ.

ಯಾಕೆ ಅಂದರೆ, ಮನೆಯಲ್ಲಿರುವ ಕೋವಿ ಕಳ್ಳನಿಗಿಂತ ಮನೆಯವರಿಗೇ ಹತ್ತಿರ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಪಕ್ಕದ ಊರಿನಲ್ಲಿ ಒಬ್ಬರು ಬೆಳಗಿನ ಜಾವ ಹಂದಿ ಅಂತ ಪೊದೆಗೆ ಗುಂಡು ಹೊಡೆದರು. ಪೊದೆಯ ಹಿಂದೆ ಇದ್ದದ್ದು ಅವರ ಬಾವ. ಹೊಡೆದವರು ಆಮೇಲೆ ಬಹಳ ವರ್ಷ ಬದುಕಿದ್ದರು. ಯಾರ ಮನೆಯ ಜಗಲಿಗೂ ಬರುತ್ತಿರಲಿಲ್ಲ. ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು, ನಾವು ದಾಟುವ ತನಕ ಬೇಲಿ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅವರ ಲೈಸೆನ್ಸ್ ಸರಿಯಾಗಿತ್ತು. ಕಾಗದದಲ್ಲಿ ಏನೂ ತಪ್ಪಿರಲಿಲ್ಲ.

ಪ್ರಶ್ನೆಗಳು ಬಂದವು. ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ: "ಆನೆ ಬಂದು ತೋಟ ತುಳಿಯುವಾಗ ಕೋವಿ ಇಲ್ಲದೆ ಏನು ಮಾಡೋದು ಸಾರ್?" ಕೋವಿ ಇದ್ದರೂ ಆನೆಗೆ ಏನೂ ಮಾಡಲಾಗುವುದಿಲ್ಲ ಅಂದೆ. ಗಾಯಗೊಂಡ ಆನೆ ಇಡೀ ಊರಿಗೇ ಕಷ್ಟ. ಅವನಿಗೆ ಸಮಾಧಾನ ಆದಂತೆ ಕಾಣಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ತೋಟ ಅವನದು.

ಇನ್ನೊಬ್ಬರು ಕೇಳಿದರು: "ನಿಮ್ಮ ದೊಡ್ಡಪ್ಪನ ಕೋವಿ ಈಗ ಎಲ್ಲಿದೆ?"

ದೊಡ್ಡಪ್ಪ ಹೋಗಿ ಎರಡು ವರ್ಷ ಆಯಿತು. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಅವರು ಹೋದ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹನ್ನೊಂದನೇ ದಿನದ ಕೆಲಸ ಮುಗಿಸಿ ನಾನೇ ಗೋಣಿಚೀಲದಲ್ಲಿ ಸುತ್ತಿಕೊಂಡು ಠಾಣೆಗೆ ಕೊಟ್ಟು ಬಂದೆ. ವಾರಸುದಾರರು ಯಾರಾದರೂ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಣ್ಣ ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದಾನೆ, ಅವನಿಗೆ ಬೇಡ. ಈಗ ತೋಟ ನೋಡಿಕೊಳ್ಳುವವನು ನಾನು. ಹಂದಿ ಈಗಲೂ ಬರುತ್ತದೆ. ಅರ್ಜಿ ತುಂಬಿಸಿ ಇಟ್ಟಿದ್ದೇನೆ, ಕೊಟ್ಟಿಲ್ಲ. ದೊಡ್ಡಮ್ಮನಿಗೆ ಈಗ 84. ಬೀರುವಿನಲ್ಲಿ ತೋಟಾ ಒಂದೂ ಇಲ್ಲ, ಅವನ್ನೂ ಎಣಿಸಿ ಒಪ್ಪಿಸಿದ್ದೇವೆ. ಬೀಗದಕೈ ಮಾತ್ರ ಇನ್ನೂ ಅವರ ಸೆರಗಿನಲ್ಲೇ ಇದೆ.